ಅಮ್ಮನ ಹೆಸರಿನ ಬೆಂಚು

ಅಕ್ಟೋಬರ್ 9, ಸೋಮವಾರ

ಬೆಳಿಗ್ಗೆ ಎದ್ದಾಗ ಕಿಟಕಿಯ ಗಾಜಿನ ಒಳಬದಿಗೆ ಉಪ್ಪು ಕಟ್ಟಿತ್ತು. ಹೊರಬದಿಗಾದರೆ ಸರಿ, ಮುಚ್ಚಿದ ಕಿಟಕಿಯ ಒಳಗೆ ಅದು ಹೇಗೆ ಬಂತೋ ಗೊತ್ತಿಲ್ಲ. ಬೆರಳಲ್ಲಿ ಒರೆಸಿ ನೋಡಿದೆ. ಆಮೇಲೆ ಬೆರಳನ್ನು ಸ್ವೆಟರಿಗೆ ಒರೆಸಿಕೊಂಡೆ.

ನಿನ್ನೆ ಸಂಜೆ ಬಂದೆ. ಮಾರ್ಲ್‌ಹಾಮ್‌ನಲ್ಲಿ ಬಸ್ಸಿಳಿದವಳು ನಾನೊಬ್ಬಳೇ. ಬೇಸಿಗೆಯ ಜನವೆಲ್ಲ ಹೋಗಿಯಾಗಿದೆ. ಐಸ್‌ಕ್ರೀಮ್ ಅಂಗಡಿಯ ಬಾಗಿಲಿಗೆ ಹಲಗೆ ಹೊಡೆದಿದ್ದಾರೆ. ಬೆರಿಲ್ ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ನಾನು ಹುಟ್ಟುವ ಮೊದಲಿನಿಂದಲೂ ಅಪ್ಪ ಅಮ್ಮ ಪ್ರತಿ ಆಗಸ್ಟಿನಲ್ಲಿ ಬಂದು ಉಳಿಯುತ್ತಿದ್ದ ಕೋಣೆ. ಬಾಗಿಲು ತೆಗೆದ ಬೆರಿಲ್ ನನ್ನ ಬೆನ್ನ ಹಿಂದೆ ಒಮ್ಮೆ ನೋಡಿದರು, ಇನ್ನೂ ಯಾರೋ ಬರುವುದಿದೆ ಎಂಬಂತೆ. ಅಮ್ಮ ತೀರಿಕೊಂಡದ್ದು ಅವರಿಗೆ ಜೂನಿನಲ್ಲೇ ಗೊತ್ತು. ಆಮೇಲೆ, "ಬಾ ಮರಿ. ಬೂಟು ಅಲ್ಲೇ ಬಿಡು, ಮರಳು ಒಳಗೆ ತರ್ಬೇಡ," ಅಂದರು.

ಚಳಿ ಬಲಿಯುವ ಮುಂಚೆ ರಜೆಯಲ್ಲಿ ಹಗಲು ಕೂರಲೆಂದು ಕಡಲಂಚಿನಲ್ಲಿ ಇಟ್ಟುಕೊಂಡಿರುವ ನಮ್ಮ ಪುಟ್ಟ ಮರದ ಗೂಡನ್ನು ಖಾಲಿ ಮಾಡಬೇಕು. ದಿಬ್ಬದ ಮೇಲಿನ ದಾರಿಯಲ್ಲಿ ಅಮ್ಮನ ನೆನಪಿಗೊಂದು ಬೆಂಚು ಹಾಕಿಸುತ್ತಿದ್ದೇವೆ; ಅದರ ಹಿತ್ತಾಳೆ ಫಲಕಕ್ಕೆ ಮಾತು ಬರೆದುಕೊಡಬೇಕು. "ಸಾಹಿತ್ಯ ಓದಿದವಳು ನೀನಲ್ವಾ," ಎಂದು ಅಪ್ಪ ಅದನ್ನು ನನಗೆ ಬಿಟ್ಟಿದ್ದಾನೆ. ಮುಂದಿನ ವಾರದ ಕೊನೆಗೆ ಅವನೂ ಬರುತ್ತಾನೆ. ಲೆಸ್ಟರಿನ ನಮ್ಮ ಮನೆ ಮಾರಿ ಇಲ್ಲಿ ಒಂದು ಸಣ್ಣ ಮನೆ ಕೊಳ್ಳುವುದೆಂದು ನಿಶ್ಚಯ ಮಾಡಿದ್ದಾನೆ. ಅಮ್ಮ ಸಂತೋಷವಾಗಿದ್ದ ಊರು, ಅವಳ ಬೆಂಚಿನ ಹತ್ತಿರ. ನೀನೂ ಬಂದು ಇರ್ತೀಯಾ ಎಂದು ಕೇಳಿದ. ನನಗೆ ಹೇಗಾದರೂ ಸರಿ ಎಂದೆ.

ಅಕ್ಟೋಬರ್ 10, ಮಂಗಳವಾರ

ಮಳೆ. ಹೊರಗೆ ಹೋಗಲಿಲ್ಲ. ತಂದಿದ್ದ ಕಾದಂಬರಿಯ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ. ವಾಕ್ಯಗಳು ಚೆನ್ನಾಗಿವೆ.

ಟೋಸ್ಟು ತಟ್ಟೆಯಲ್ಲಿ ಹಾಗೇ ಉಳಿದದ್ದನ್ನು ನೋಡಿ ಬೆರಿಲ್, "ಬೇಡ್ದಿದ್ರೆ ಬಾಯಿಬಿಟ್ಟು ಹೇಳು, ಕಡಲಹಕ್ಕಿಗಾದ್ರೂ ಹಾಕ್ತೀನಿ," ಅಂದರು.

ಹಾಕಿ ಎಂದೆ.

ಅಕ್ಟೋಬರ್ 12, ಗುರುವಾರ

ಗೂಡಿನ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು ತೆಗೆದೆ. ಒಳಗೆ ಎಲ್ಲ ಹೋದ ವರ್ಷ ಬಿಟ್ಟುಹೋದ ಹಾಗೆಯೇ ಇದೆ: ಗ್ಯಾಸ್ ಒಲೆ, ಕೆಟಲು, ಅಂಚು ಕಿತ್ತ ಎನಾಮೆಲ್ ಲೋಟಗಳು, ಗಾಳಿಗೆ ಅಡ್ಡ ನೆಡುವ ಪಟ್ಟೆಪಟ್ಟೆ ಬಟ್ಟೆ. ಮೂರು ಮಡಚುವ ಕುರ್ಚಿಗಳು. ಈ ಬಾಗಿಲಲ್ಲಿ ಕೂತು, ಮಳೆಯಿರಲಿ ಗಾಳಿಯಿರಲಿ, ಕಂಬಳಿ ಹೊದ್ದು ಟೀ ಕುಡಿಯುವುದಕ್ಕೆ ಬೇಸಿಗೆ ರಜೆ ಎಂದು ಹೆಸರು. ಇಡೀ ಸಾಲಿನ ಗೂಡುಗಳಲ್ಲೂ ಅದೇ. ಯಾರೂ ಮನೆಗೆ ಹೋಗೋಣ ಅನ್ನುವುದಿಲ್ಲ.

ಅಮ್ಮನ ಕುರ್ಚಿಯನ್ನು ಅವಳು ಹಾಕಿಕೊಳ್ಳುತ್ತಿದ್ದಂತೆ ಹಾಕಿ ನೋಡಿದೆ, ಸಮುದ್ರಕ್ಕೆ ಬೆನ್ನು ಮಾಡಿ. ಪುಸ್ತಕದ ಹಾಳೆ ಗಾಳಿಗೆ ಹಾರುತ್ತದೆ ಎನ್ನುತ್ತಿದ್ದಳು. ಅದರಲ್ಲಿ ನಾನು ಕೂರಲಿಲ್ಲ.

ಗೂಡು ಖಾಲಿ ಮಾಡಲಿಲ್ಲ. ಒಂದು ಲೋಟ ತೊಳೆದಿಟ್ಟು ಬಂದೆ.

ಬರುವಾಗ ದಿಬ್ಬದ ದಾರಿಯ ಬೆಂಚುಗಳ ಫಲಕಗಳನ್ನೆಲ್ಲ ಓದಿದೆ. ಈ ಜಾಗವನ್ನು ಪ್ರೀತಿಸಿದ ಎಡ್ವಿನ್. ಈ ನೋಟವನ್ನು ಪ್ರೀತಿಸಿದ ಮೇವಿಸ್ ಮತ್ತು ರೆಜ್. ಇಲ್ಲಿ ಕೂರುವುದನ್ನು ಪ್ರೀತಿಸಿದ ಅಜ್ಜಿ. ಗ್ರಾಮ ಪಂಚಾಯ್ತಿಯ ಕಾರ್ಯದರ್ಶಿ ಗಾಟ್ಸ್ ನಾಯಿ ಹಿಡಿದುಕೊಂಡು ಎದುರಿಗೆ ಬಂದರು.

"ಬರ್ದಾಯ್ತೇನಮ್ಮ ನಿಮ್ಮದು?"

"ಇನ್ನೂ ಇಲ್ಲ."

"ಅಷ್ಟು ತಲೆ ಕೆಡಿಸ್ಕೋಬೇಡಿ. 'ಈ ಊರನ್ನು ಪ್ರೀತಿಸಿದ' ಅಂತ ಹಾಕಿ, ಕೆಳಗೆ ಹೆಸರು ಹಾಕಿ. ಎಲ್ರೂ ಅದನ್ನೇ ಬರೆಸೋದು. ಇಷ್ಟ ಇಲ್ದೋರು ಇಲ್ಲಿಗೆ ಯಾಕಾದ್ರೂ ಬರ್ತಾರೆ ಹೇಳಿ?"

ನಾಯಿ ನನ್ನ ಬೂಟು ಮೂಸಿತು.

ಅಕ್ಟೋಬರ್ 14, ಶನಿವಾರ

ಅಪ್ಪ ಫೋನ್ ಮಾಡಿದ. ಲೆಸ್ಟರಿನ ಮನೆಗೆ ಗಿರಾಕಿ ಗಟ್ಟಿಯಾಗಿದ್ದಾರೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಹಿತ್ತಲಿನ ಗಾಜಿನ ಮನೆಯನ್ನು ಕಿತ್ತುಹಾಕಿ ಕಾರು ನಿಲ್ಲಿಸುತ್ತಾರಂತೆ. ಅದನ್ನು ಬಹಳ ಹಗುರವಾಗಿ ಹೇಳಿದ. ಆ ಗಾಜಿನ ಮನೆಯಲ್ಲೇ ಅವನ ಟೊಮೆಟೊ ಗಿಡಗಳಿರುವುದು.

"ಅಲ್ಲಿ ಟೊಮೆಟೊ ಬರುತ್ತಾ ಫ್ರಾನ್?"

"ಬೆರಿಲ್ ಅವರನ್ನ ಕೇಳ್ತೀನಿ."

"ಬರ್ದೇ ಇದ್ರೂ ಪರ್ವಾಗಿಲ್ಲ ಬಿಡು. ಹುರುಳಿಕಾಯಿ?"

"ಉಪ್ಪು ಗಾಳಿ ಅಪ್ಪ."

"ಹ್ಞೂಂ, ಗಾಳಿ. ನಿನ್ನ ಹತ್ರ ಹೇಳ್ಬಹುದು ಈಗ. ನಂಗೆ ಆ ಊರು ಯಾವತ್ತೂ ಒಗ್ಗಲಿಲ್ಲ. ಸ್ಯಾಂಡ್‌ವಿಚ್ಚಲ್ಲಿ ಮರಳು, ಕಿವೀಲಿ ಮರಳು. ಆ ಗಾಳಿಗೆ ಹಲ್ಲು ನೋವು ಬರೋದು. ಏನ್ ಮಾಡೋದು, ನಿಮ್ಮಮ್ಮನಿಗೆ ಪ್ರಾಣ. ಮದುವೆಗೆ ಮುಂಚೆ ರೈಲ್ವೆ ಸ್ಟೇಷನ್ನಲ್ಲಿ ಮಾರ್ಲ್‌ಹಾಮ್ ಪೋಸ್ಟರ್ ಮುಂದೆ ನಿಂತ್ಕೊಂಡು ನೋಡಿದ್ಲು ನೋಡಿದ್ಲು, ರೈಲು ಬಂದಿದ್ದೂ ಗೊತ್ತಾಗ್ಲಿಲ್ಲ ಅವಳಿಗೆ. ಮಾರನೇ ವಾರವೇ ಕೋಣೆ ಗೊತ್ತು ಮಾಡ್ದೆ."

"ಅವಳಿಗೆ ಹೇಳ್ಲೇ ಇಲ್ವಾ?"

"ಯಾಕೆ ಹೇಳ್ಲಿ? ಅವಳು ಖುಷಿಯಾಗಿದ್ಲಲ್ಲ."

ಫೋನಿಟ್ಟ ಮೇಲೆ ಕೆಳಗೆ ಹೋಗಿ ಬೆರಿಲ್‌ರನ್ನು ಟೊಮೆಟೊ ಬಗ್ಗೆ ಕೇಳಿದೆ. ಅವರು ಕಿಟಕಿಯಾಚೆ ಬಾಗಿ ನಿಂತ ಬೇಲಿಯ ಗಿಡಗಳನ್ನು ತೋರಿಸಿ, "ಅವೂ ಒಂದ್ ಕಾಲದಲ್ಲಿ ನೆಟ್ಟಗಿದ್ವು," ಅಂದರು.

ಅಕ್ಟೋಬರ್ 16, ಸೋಮವಾರ

ಬೆರಿಲ್ ಮನೆಯ ಮುಂದಿನ ಕಿಟಕಿಯಲ್ಲಿ ಏಡಿ ಮಾರುತ್ತಾರೆ. ಅಳಿಯನ ದೋಣಿಯಿಂದ ಬಂದದ್ದನ್ನು ಬೇಯಿಸಿ, ಮಾಂಸ ಬಿಡಿಸಿ, ಅದೇ ಚಿಪ್ಪಿಗೆ ತುಂಬಿಡುವುದು. ಈ ವರ್ಷದ ಕೊನೆಯ ಏಡಿಗಳಂತೆ. ಅವರ ಬೆರಳಿನ ಗಂಟುಗಳು ನೋಯುತ್ತವೆ. ನಾನು ಬಾಗಿಲಲ್ಲಿ ನಿಂತಿದ್ದೆ. "ನಿಂತು ನೋಡೋಕೆ ಟಿಕೆಟ್ ಇದೆ, ಕೂತು ಮಾಡಿದ್ರೆ ಪುಕ್ಕಟೆ," ಅಂದರು. ಕೂತೆ.

"ಈ ಬೂದುಬಣ್ಣದ್ದು, ಬೆರಳಿನ ಥರ ಇದ್ಯಲ್ಲ, ಅದನ್ನ ಕಿತ್ತು ಬಿಸಾಕು. ತಿನ್ನಬಾರ್ದು. ಸತ್ತವನ ಬೆರಳು ಅಂತೀವಿ." ಹೇಳಿದ ಮೇಲೆ ನನ್ನ ಮುಖ ನೋಡಿದರು. "ಹೆಸರಿಟ್ಟಿದ್ದು ನಾನಲ್ಲ ಮರಿ."

ಪರವಾಗಿಲ್ಲ ಎಂದೆ. ನಿಜಕ್ಕೂ ಏನೂ ಅನ್ನಿಸಿರಲಿಲ್ಲ. ಕಿತ್ತೆ, ಬಿಸಾಡಿದೆ. ಕೈಗೆ ಕೆಲಸ ಬೇಗ ಕೂತಿತು.

"ಬೆಂಚಿನ ಮೇಲೆ ಏನು ಬರೆಸ್ತಿದೀಯ?"

"'ಈ ಊರನ್ನು ಪ್ರೀತಿಸಿದ ಜೀನೆಟ್' ಅಂತ. ಅಪ್ಪನಿಗೆ ಹಾಗೇ ಬೇಕು."

ಬೆರಿಲ್ ಮೂಗಿನಲ್ಲೇ ನಕ್ಕರು. "ಜೀನೆಟ್ಟಾ? ಈ ಊರನ್ನಾ? ಆ ಹಿತ್ತಾಳೆ ನಾಚಿಕೆಯಿಂದ ಕಪ್ಪಾಗುತ್ತೆ."

ನಾನು ಏಡಿಯನ್ನೇ ನೋಡುತ್ತಿದ್ದೆ.

"ಗೊತ್ತಿಲ್ವಾ ನಿಂಗೆ? ನಿಮ್ಮಮ್ಮನಿಗೆ ಸಮುದ್ರ ಕಂಡ್ರೆ ಆಗ್ತಿರ್ಲಿಲ್ಲ ಕಣೇ. ಬೇಜಾರು, ಬರೀ ನೀರು, ಒಂದು ಏರಿಲ್ಲ ಒಂದು ತಿರುವಿಲ್ಲ ಅನ್ನೋಳು. ಅವಳಿಗೆ ಬೇಕಾಗಿದ್ದು ಗುಡ್ಡ. ಉತ್ತರದಲ್ಲಿ ಆ ಸರೋವರಗಳ ಕಡೆ ಹೋಗ್ಬೇಕು ಅಂತ ಪ್ರತಿ ವರ್ಷ ನನ್ನ ಹತ್ರ ಹೇಳೋಳು. ನಿಮ್ಮಪ್ಪ ನಲ್ಲಿಯಿಂದ ನೀರು ತರೋಕೆ ಹೋದಾಗ."

"ಮತ್ತೆ ಯಾಕೆ ಬರ್ತಿದ್ಲು?"

"ನಿಮ್ಮಪ್ಪನಿಗೋಸ್ಕರ. 'ಪಾಪ, ಕ್ಲೈವ್ ವರ್ಷವೆಲ್ಲ ಇದೊಂದಕ್ಕೇ ಕಾಯ್ತಾನೆ ಬೆರಿಲ್. ಬೇಡ ಅಂದ್ರೆ ಅವನ ಮನಸ್ಸು ಮುರಿಯುತ್ತೆ' ಅಂತ. ಮೊದಲ್ನೇ ಸಲ ಕೋಣೆ ಗೊತ್ತು ಮಾಡ್ಕೊಂಡು ಬಂದಾಗ ಅವನ ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ವಂತೆ."

ಪೋಸ್ಟರಿನ ವಿಷಯ ಕೇಳಿದೆ. ಯಾಕೆ ಕೇಳಿದೆನೋ.

"ಯಾವ ಪೋಸ್ಟರು? ಓ ಅದಾ. ಅದರ ಗಾಜಲ್ಲಿ ಕೂದಲು ಸರಿ ಮಾಡ್ಕೊಳ್ತಿದ್ಲಂತೆ. ಹೊಸ ಕ್ರಾಪು ಹಾಳಾಗಿತ್ತಂತೆ."

"ಅಪ್ಪನಿಗೂ ಇಷ್ಟ ಇರ್ಲಿಲ್ಲ," ಎಂದೆ. "ಅವಳಿಗೋಸ್ಕರ ಬರ್ತಿದ್ದ."

ಬೆರಿಲ್ ಚಾಕು ಕೆಳಗಿಟ್ಟರು. "ಅಂದ್ರೆ ಇಬ್ರೂ?"

"ಹೌದು."

"ಇಷ್ಟೂ ವರ್ಷ?"

"ಹೌದು."

ಅವರು ನಗಲು ಶುರು ಮಾಡಿದರು. ಕುರ್ಚಿ ಅಲ್ಲಾಡುವಷ್ಟು ನಕ್ಕರು. ಆಮೇಲೆ ಮುಂಗೈಯಿಂದ ಕಣ್ಣೊರೆಸಿಕೊಂಡು, "ನಿಮ್ಮನೇಲಿ ಯಾರೂ ಬಾಯಿ ಬಿಡೋದೇ ಇಲ್ವೇನೇ?" ಅಂದರು.

ಬಿಡುತ್ತೇವೆ. ನನಗೆ ಹೇಗಾದರೂ ಸರಿ, ನಿನಗೆ ಹೇಗೆ ಎಂದು ಕೇಳುತ್ತೇವೆ. ಎದುರಿನವರು ನನಗೂ ಹೇಗಾದರೂ ಸರಿ, ನಿನ್ನಿಷ್ಟ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಡಬ್ಬಿಯ ಕೊನೆಯ ಬಿಸ್ಕತ್ತು ಯಾವಾಗಲೂ ಮೆತ್ತಗಾಗಿ ಕಸಕ್ಕೆ ಹೋಗುತ್ತದೆ. ಇದನ್ನು ಬೆರಿಲ್‌ಗೆ ಹೇಳಲಿಲ್ಲ. ಇಲ್ಲಿ ಬರೆದೆ.

ಈಗ ನಮ್ಮ ಮನೆಯಲ್ಲಿ ಎರಡೂ ಅರ್ಧಗಳು ಗೊತ್ತಿರುವುದು ನನಗೊಬ್ಬಳಿಗೇ. ಅಪ್ಪ ಗಾಜಿನ ಮನೆ ಕೊಟ್ಟು ಹಲ್ಲುನೋವಿನ ಊರಿಗೆ ಬರುತ್ತಿದ್ದಾನೆ, ಅಮ್ಮನಿಗೆ ಬೇಡವಾಗಿದ್ದ ಊರಿಗೆ. ಇದರ ಬಗ್ಗೆ ಏನಾದರೂ ಅನ್ನಿಸಬೇಕು. ಕಾದೆ. ಏಡಿಯ ವಾಸನೆ ಮಾತ್ರ ಕೈಯಿಂದ ಹೋಗುತ್ತಿಲ್ಲ.

ಅಕ್ಟೋಬರ್ 17, ಮಂಗಳವಾರ

ಮೊಣಕಾಲಿನವರೆಗೆ ನೀರಿಗೆ ಇಳಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತು ನಿಂತಿದ್ದೆ.

ಅಕ್ಟೋಬರ್ 19, ಗುರುವಾರ

ಅಪ್ಪ ನಾಳೆ ಬರುತ್ತಾನೆ. ಸೋಮವಾರ ಬೆಳಿಗ್ಗೆ ಮನೆ ಏಜೆಂಟನ ಹತ್ತಿರ ಹೋಗಿ ಇಲ್ಲಿಯ ಮನೆ ಕೊಳ್ಳುವುದಕ್ಕೂ ಲೆಸ್ಟರಿನದನ್ನು ಮಾರುವುದಕ್ಕೂ ಒಟ್ಟಿಗೆ ಒಪ್ಪಿಗೆ ಕೊಡುವುದು.

ಬೆಳಕು ಹರಿಯುವಾಗಲೇ ಹೋಗಿ ಈಜಿದೆ. ಬೆರಿಲ್ ಹಳೆಯ ಈಜುಡುಗೆ ಕೊಟ್ಟಿದ್ದರು, ಹೆಗಲಿಗೆ ಪಿನ್ನು ಹಾಕಿಕೊಳ್ಳಬೇಕಾಯಿತು. ನೀರು ಮೊದಲು ಕಪ್ಪಗಿರುತ್ತದೆ, ಆಮೇಲೆ ಕಂದು, ಸೂರ್ಯ ಮೋಡದ ಮೇಲೆ ಬಂದ ಕೂಡಲೇ ಒಂದು ಗಳಿಗೆ ಹಿತ್ತಾಳೆ ಪಾತ್ರೆಯ ತಳದಂತೆ ಆಗಿ ಮತ್ತೆ ಕಂದಾಗುತ್ತದೆ. ನಿನ್ನೆಯೂ ಹಾಗೇ ಆಗಿತ್ತು. ಸೀಲ್ ಪ್ರಾಣಿಯೊಂದು ನೀರಿನಿಂದ ತಲೆ ಎತ್ತಿ ನನ್ನನ್ನು ನೋಡಿತು, ಪಕ್ಕದ ಮನೆಗೆ ಹೊಸಬರು ಬಂದರೆ ಪರದೆ ಸರಿಸಿ ನೋಡುವವರ ಹಾಗೆ. ನಾನೂ ನೋಡಿದೆ. ಯಾರೂ ಮೊದಲು ಮಾತಾಡಲಿಲ್ಲ. ವಾಪಸು ಬಂದು ಕಂದು ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಏಡಿ ಹಾಕಿ, ವಿನೆಗರ್ ಹನಿಸಿಕೊಂಡು ತಿಂದೆ. ಮತ್ತೊಂದು ಮಾಡಿಕೊಂಡೆ.

"ಕಡಲಹಕ್ಕಿಗಳು ಉಪವಾಸ ಬಿದ್ವು," ಅಂದರು ಬೆರಿಲ್.

"ನಿಮ್ಮ ಅಳಿಯನ ದೋಣಿ ಹಿಂದೆ ಹೋಗ್ಲಿ, ಅವನ ಅರ್ಧ ಏಡಿ ಹೇಗೂ ನೀರಿಗೇ ಬೀಳುತ್ತಲ್ಲ," ಎಂದೆ.

ಬೆರಿಲ್ ನನ್ನನ್ನೇ ಒಂದು ಗಳಿಗೆ ನೋಡಿದರು. "ನಾಲಗೆ ಇದೆ ಇವಳಿಗೆ!" ಆಮೇಲೆ, ಊರ ಶಾಲೆಯಲ್ಲಿ ಚಿಕ್ಕ ಮಕ್ಕಳ ಓದು ಕೇಳುವುದಕ್ಕೆ ಯಾರಾದರೂ ಬೇಕಂತೆ, ನಾನು ಹೋಗುತ್ತೇನಾ ಎಂದು ಕೇಳಿದರು. ನೋಡೋಣ ಎಂದೆ.

"ಅಪ್ಪನಿಗೆ ಹೇಳ್ತೀಯೋ ಇಲ್ವೋ?"

"ಗೊತ್ತಿಲ್ಲ."

"ನಾನು ಹೇಳಲ್ಲಪ್ಪ. ನಾನು ಏಡಿ ಮಾರೋಳು."

ಮಧ್ಯಾಹ್ನ ಗಾಟ್ಸ್ ಅವರ ಕಚೇರಿಗೆ ಹೋಗಿ, ಫಲಕದ ಮಾತು ಈಗ ಕೊಡುವುದಿಲ್ಲ, ಕಾಯಿರಿ ಎಂದೆ. ಇವತ್ತೇ ಕೊನೆಯ ದಿನವಲ್ಲವೇ ಎಂದರು. ಹೌದು, ಆದರೂ ಕೊಡುವುದಿಲ್ಲ ಎಂದೆ. ಬರುವಾಗ ಕಿವಿ ಬಿಸಿಯಾಗಿತ್ತು.

ಅಕ್ಟೋಬರ್ 21, ಶನಿವಾರ

ಅಪ್ಪ ಸಣ್ಣಗಾಗಿದ್ದಾನೆ. ಕೋಟು ಅವನ ಮೇಲೆ ಇನ್ನೊಬ್ಬರದೆಂಬಂತೆ ಕೂತಿದೆ.

ಮನೆ ನೋಡಿ ಬಂದೆವು. ತಗ್ಗು ಮಾಡಿನ ಒಂಟಿ ಮನೆ, ಬಿಳಿ ಗೋಡೆ. ಏಜೆಂಟ್ ಅಡುಗೆಮನೆಯ ಬೀರುಗಳನ್ನು ತೆಗೆದು ತೋರಿಸುತ್ತಿದ್ದ. ಅಪ್ಪ ಹಿತ್ತಲಿಗೆ ಹೋಗಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಅದು ಬೆರಳ ಸಂದಿನಲ್ಲಿ ಸೋರಿಹೋಯಿತು. ಕೈ ಝಾಡಿಸಿಕೊಂಡು, "ಬೆಳಕು ಚೆನ್ನಾಗಿದೆ," ಅಂದ.

ಆಮೇಲೆ ಗೂಡಿಗೆ. ಅಪ್ಪನೇ ಟೀ ಮಾಡಿದ. ಮರಳು ಬೀಳದಂತೆ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಕುಡಿದ. ಪ್ರತಿ ಗುಟುಕಿಗೂ ಕೈ ತೆಗೆಯುವುದು, ಮುಚ್ಚುವುದು. ಅಮ್ಮನ ಕುರ್ಚಿ ನಾನು ಅವತ್ತು ಇಟ್ಟಂತೆಯೇ ಇತ್ತು.

"ಅವಳು ಹಾಗೆ ಕೂರ್ತಿದ್ಲು, ನಾನು ಇಲ್ಲಿ, ಎದುರಿಗೆ," ಅಂದ ಅಪ್ಪ. "ನಾನೆಲ್ಲಿ ಸಮುದ್ರ ನೋಡ್ತಿದ್ದೆ? ಅವಳನ್ನೇ ನೋಡ್ತಿದ್ದೆ. ಪುಸ್ತಕದಿಂದ ಯಾವಾಗ ತಲೆ ಎತ್ತುತ್ತಾಳೋ ಅಂತ. ಎತ್ತಿದಾಗ ನಾನು ನಗ್ತಾ ಇರ್ಬೇಕಲ್ಲ. ಅವಳೂ ನಗೋಳು. ದಿನಕ್ಕೆ ಎಷ್ಟೋ ಸಲ."

"ಹಲ್ಲು ನೋಯ್ತಿದ್ರೂ?"

"ಹಲ್ಲು ನೋಯ್ತಿದ್ರೆ ಇನ್ನೂ ಜೋರಾಗಿ." ಅವನು ನನ್ನ ಕಡೆ ತಿರುಗಿದ. "ನಿನ್ನ ಮುಖಕ್ಕೆ ಬಣ್ಣ ಬಂದಿದೆ ಮಗಳೇ. ನಿಂಗೂ ಇಲ್ಲಿ ಇಷ್ಟ ತಾನೇ? ಮನಸ್ಸು ಸ್ವಲ್ಪ ಹಿಂದೆ ಮುಂದೆ ಆಗ್ತಿತ್ತು. ನಿನ್ನ ನೋಡಿ ಗಟ್ಟಿಯಾಯ್ತು. ನಿಂಗೋಸ್ಕರನಾದ್ರೂ ಸರಿ, ತಗೊಂಡುಬಿಡೋಣ."

ನಿನಗೆ ಹೇಗೋ ಹಾಗೆ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಟೀ ಕುಡಿದು ನುಂಗಿಕೊಂಡೆ.

ಅಕ್ಟೋಬರ್ 22, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ಜೊತೆ ಬೆಂಚು ಬರಬೇಕಾದ ಜಾಗಕ್ಕೆ ಹೋದೆ. ಹುಲ್ಲಿನಲ್ಲಿ ಗೂಟ ಹೊಡೆದು ಗುರುತು ಮಾಡಿದ್ದಾರೆ. ಅಪ್ಪ ಆ ಗೂಟಗಳ ನಡುವೆ ನಿಂತ, ಮೈಯಳತೆ ಕೊಡುವವನ ಹಾಗೆ.

"ಅಮ್ಮನಿಗೆ ಇಲ್ಲಿ ಇಷ್ಟ ಇಲ್ದೇ ಇದ್ದಿದ್ರೆ?" ಎಂದು ಕೇಳಿದೆ. ಗಾಳಿಯಿತ್ತು, ಜೋರಾಗಿ ಕೇಳಬೇಕಾಯಿತು.

"ಏನ್ ಮಾತೇ ಇದು." ಅವನು ನಕ್ಕ. ಆಮೇಲೆ ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ನಾನು ಅಷ್ಟು ವರ್ಷ ಈ ಗಾಳೀಲಿ ಕೂತಿದ್ದು ಯಾರಿಗೆ?"

ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿದ. ಒರೆಸುತ್ತಲೇ ಇದ್ದ. ನಾನು ಸುಮ್ಮನೆ ಕೇಳಿದೆ ಎಂದೆ. ಬೆರಿಲ್ ಮನೆಯ ಗೇಟಿನ ಹತ್ತಿರ ಬಂದಾಗ, "ಸಾರಿ, ಕಣ್ಣಿಗೆ ಸ್ವಲ್ಪ ಗಾಳಿ ಹೊಡೀತು," ಅಂದ.

ಹೇಳಿದರೆ ಇದು ಆಗುತ್ತದೆ. ಹೇಳದಿದ್ದರೆ ಅವನು ಬಿಳಿ ಗೋಡೆಯ ಮನೆಯಲ್ಲಿ ಲೋಟಕ್ಕೆ ಅಂಗೈ ಮುಚ್ಚಿಕೊಂಡು ಕೂರುತ್ತಾನೆ. ನಾನು ಎದುರಿಗೆ ಕೂತು, ಅವನು ತಲೆ ಎತ್ತಿದಾಗಲೆಲ್ಲ ನಗುತ್ತೇನೆ.

ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆ, ಆದರೆ ಅದಕ್ಕಲ್ಲ.

ಅಕ್ಟೋಬರ್ 23, ಸೋಮವಾರ

ಈಜಿ ಬಂದು ಬರೆಯುತ್ತಿದ್ದೇನೆ. ಕೂದಲಿನಿಂದ ಹಾಳೆಯ ಮೇಲೆ ನೀರು ಬೀಳುತ್ತಿದೆ.

ನೀರಿನಲ್ಲಿದ್ದಾಗ ಒಂದು ವಿಷಯ ಹೊಳೆಯಿತು. ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದಳು. ಅಪ್ಪ ಅಮ್ಮನನ್ನು ನೋಡುತ್ತಿದ್ದ. ಆ ಆಗಸ್ಟುಗಳಲ್ಲೆಲ್ಲ ಸಮುದ್ರವನ್ನು ನೋಡುತ್ತಿದ್ದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಗಾದರೂ ಸರಿ ಅನ್ನುತ್ತಿದ್ದೆ.

ನನಗೆ ಇಲ್ಲಿ ಇಷ್ಟ. ಬರೆದು ನೋಡಿದೆ. ನಮ್ಮ ಮನೆಯಲ್ಲಿ ಯಾರೂ ಹೇಳಿರದ ವಾಕ್ಯ, ಓದಲು ಸ್ವಲ್ಪ ಒರಟಾಗಿದೆ. ಹೊಡೆದುಹಾಕಲಿಲ್ಲ.

ಬೆರಿಲ್ ಚಳಿಗಾಲಕ್ಕೆ ಈ ಕೋಣೆ ಕೊಡುತ್ತಾರೆ, ಈಗಷ್ಟೇ ಕೇಳಿದೆ. ಶಾಲೆಗೆ ನಾಳೆ ಹೋಗುತ್ತೇನೆ. ಅಪ್ಪ ತನ್ನ ಟೊಮೆಟೊಗಳ ಹತ್ತಿರ ಹೋಗಬೇಕು. ಮನೆ ಮಾರಬೇಡ ಎನ್ನುತ್ತೇನೆ. ಅಮ್ಮನಿಗೆ ಗುಡ್ಡ ಬೇಕಾಗಿತ್ತು, ನಿನ್ನ ನಗು ನೋಡುವುದಕ್ಕೆ ಬರುತ್ತಿದ್ದಳು ಎನ್ನುತ್ತೇನೆ. ನಿನ್ನ ಜೊತೆ ನಾನು ಬರುವುದಿಲ್ಲ ಎಂದೂ ಹೇಳುತ್ತೇನೆ. ಅವನು ಕನ್ನಡಕ ಒರೆಸಿಕೊಳ್ಳುತ್ತಾನೆ. ಒರೆಸಿಕೊಳ್ಳಲಿ, ಎದ್ದು ಹೋಗದೆ ಪಕ್ಕದಲ್ಲೇ ಕೂತಿರುತ್ತೇನೆ.

ಕೆಳಗೆ ಅಪ್ಪನ ದನಿ ಕೇಳುತ್ತಿದೆ. ಮೊಟ್ಟೆ ಹೇಗಿರಬೇಕು ಎಂದು ಬೆರಿಲ್ ಕೇಳುತ್ತಿದ್ದಾರೆ. "ನಿಮಗೆ ಹೇಗೆ ಸುಲಭವೋ ಹಾಗೆ," ಅನ್ನುತ್ತಿದ್ದಾನೆ. ಅವನಿಗೆ ಹಳದಿ ಗಟ್ಟಿಯಾಗಿ ಬೆಂದಿರಬೇಕು, ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಕೆಳಗೆ ಹೋಗುತ್ತೇನೆ. ಮೊದಲು ಅದನ್ನು ಬೆರಿಲ್‌ಗೆ ಹೇಳುತ್ತೇನೆ. ಆಮೇಲೆ ಉಳಿದದ್ದನ್ನು ಅಪ್ಪನಿಗೆ.